ಕೆಂಪು ಮುಖದ ತರ್ಕ

ಇಡೀ ತಿಲ್ಕಾರಾ ಊರಿನಲ್ಲಿ ತನ್ನ ತಲೆಗಿಂತ ಚುರುಕಾದ ತಲೆ ಇನ್ನೊಂದಿಲ್ಲ ಎಂದು ಫಿದೆನ್ಸಿಯೊ ನಂಬಿದ್ದ. ನಂಬಿ ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ದಿನಕ್ಕೆ ಮೂರು ಸಲ ಹೇಳಿಯೂ ಹೇಳುತ್ತಿದ್ದ!

ತೋಳ, ಮೇಕೆ, ಎಲೆಕೋಸನ್ನು ಹೊಳೆ ದಾಟಿಸುವುದಿರಲಿ, ಸುಳ್ಳ ಕಾವಲುಗಾರ ನಿಂತ ಬಾಗಿಲು ಯಾವುದೆಂದು ಪತ್ತೆ ಹಚ್ಚುವುದಿರಲಿ, ಅವನಿಗೆ ಎಲ್ಲವೂ ನೀರು ಕುಡಿದಷ್ಟು ಸಲೀಸು. ಬಡಗಿ ಸೆನೋನ್ ಮತ್ತು ಟಪಾಲಿನ ರುಫೀನೊ ಅವನ ಜೊತೆಗಾರರು. ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದರೆ ಈ ಮೂವರು ಸೆನೋನನ ಬಡಗಿ ಕೊಟ್ಟಿಗೆಯಲ್ಲಿ ಕೂತು ಮೆದುಳು ಮಸೆಯುತ್ತಿದ್ದರು.

"ರೀ, ಇವತ್ತೊಂದು ದಿನ ಆ ಕೊಟ್ಟಿಗೆಗೆ ಹೋಗ್ಬೇಡಿ," ಎಂದಳು ಹೆಂಡತಿ ನೆಲಿದಾ. "ಸಂಜೆ ಐದಕ್ಕೆ ಅಪ್ಪನ ವರ್ಷದ ಪ್ರಾರ್ಥನೆ. ಅಮ್ಮನ ಕಪ್ಪು ಶಾಲು ತೆಗೀಬೇಕಾದವರು ನೀವು. ಮುಖದ ಮೇಲೆ ಒಂದು ಚಿಟಿಕೆ ಪೌಡರ್ ಕಂಡ್ರೂ ಅಮ್ಮ ಇನ್ನೊಂದು ವರ್ಷ ಮಾತಾಡಲ್ಲ, ನೆನಪಿರ್ಲಿ!"

ನೆನಪಿಲ್ಲದೆ ಏನು! ಹೋದ ವರ್ಷ ಇದೇ ಕಾರ್ನಿವಲ್ ಹೊತ್ತಿನಲ್ಲಿ ಮಾವ ತೀರಿಕೊಂಡಾಗ ಫಿದೆನ್ಸಿಯೊ ಕುಣಿತದ ಮೇಳದಿಂದ ನೇರವಾಗಿ ಮಣ್ಣು ಮಾಡುವ ಜಾಗಕ್ಕೆ ಓಡಿ ಬಂದಿದ್ದ. ಓಡಿ ಬಂದದ್ದು ಅಳುತ್ತಲೇ. ಆದರೆ ಕಿವಿಯ ಸಂದಿಯಲ್ಲಿ ಹಬ್ಬದ ಕಾಮಕಸ್ತೂರಿ ಕುಡಿ, ಮುಖದ ತುಂಬ ಕಾರ್ನಿವಲ್‌ನಲ್ಲಿ ಒಬ್ಬರಿಗೊಬ್ಬರು ಮೆತ್ತುವ ಬಿಳಿ ಪೌಡರು! ಅತ್ತೆ ದೋನ್ಯಾ ಎದುವಿಹೆಸ್ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬಾಯಿ ಮುಚ್ಚಿದವರು ಮತ್ತೆ ಅವನ ಹತ್ತಿರ ತೆರೆಯಲಿಲ್ಲ. ಪಕ್ಕದಲ್ಲೇ ಊಟಕ್ಕೆ ಕೂತಿದ್ದರೂ, "ನೆಲಿದಾ, ನಿನ್ನ ಗಂಡನಿಗೆ ಆ ಉಪ್ಪಿನ ಬಟ್ಟಲು ಈ ಕಡೆ ತಳ್ಳೋಕೆ ಹೇಳು," ಎನ್ನುತ್ತಿದ್ದರು. ಒಂದು ವರ್ಷ ಪೂರ್ತಿ ಹೀಗೆ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನಿಗೆ ಅತ್ತೆಯ ಈ ಮೌನ ನಿಜವಾಗಿಯೂ ನೋವು ಕೊಟ್ಟಿತ್ತು. ಈ ವರ್ಷ ನೆಲಿದಾ ಕಾಡಿ ಬೇಡಿದ ಮೇಲೆ ಅತ್ತೆ ಒಪ್ಪಿದ್ದರು. ಸೂತಕ ಕಳೆಯುವಾಗ ಶಾಲನ್ನು ಅಳಿಯನೇ ತೆಗೆಯಲಿ, ಆದರೆ ಮನುಷ್ಯರ ಮುಖ ಇಟ್ಟುಕೊಂಡು ಬರಲಿ.

"ನನ್ನ ತಲೆ ಮೇಲೆ ನಿಂಗೆ ಭರವಸೆ ಇಲ್ವಾ?" ಎಂದ ಫಿದೆನ್ಸಿಯೊ, ತೋಳಿನ ಕಪ್ಪು ಪಟ್ಟಿ ಸರಿಪಡಿಸಿಕೊಳ್ಳುತ್ತ.

"ತಲೆ ಮೇಲೇ ಭಯ ನಂಗೆ!" ಎಂದಳು ನೆಲಿದಾ.

ಅವತ್ತು ರುಫೀನೊ ಹೊಸ ಒಗಟು ತಂದಿದ್ದ. "ಮೂರು ಜನ ಮರದ ಕೆಳಗೆ ಮಲಗಿದ್ರಂತೆ. ಯಾರೋ ಬಂದು ಮೂರೂ ಜನರ ಮುಖಕ್ಕೆ ಮಸಿ ಬಳಿದು ಹೋದ್ರು. ಎದ್ದು ಒಬ್ಬರನ್ನೊಬ್ಬರು ನೋಡಿ ಮೂವರೂ ನಗ್ತಾ ಇದಾರೆ. ಇದ್ದಕ್ಕಿದ್ದ ಹಾಗೆ ಒಬ್ಬ ನಗೋದು ನಿಲ್ಲಿಸಿ ಮುಖ ಒರೆಸ್ಕೊಂಡ. ಕನ್ನಡಿ ಇಲ್ಲ, ಯಾರೂ ಹೇಳಿಲ್ಲ. ಅವನಿಗೆ ಹೆಂಗೆ ಗೊತ್ತಾಯ್ತು?"

ಫಿದೆನ್ಸಿಯೊ ಕೈಯಲ್ಲಿದ್ದ ರೊಟ್ಟಿಯನ್ನು ಮೂರು ತುಂಡು ಮಾಡಿ ಹಲಗೆಯ ಮೇಲೆ ಇಟ್ಟ.

"ಕೇಳ್ರೋ! ಇದು ನಾನು, ಇದು ಸೆನೋನ್, ಇದು ರುಫೀನೊ. ನನ್ನ ಮುಖ ಚೊಕ್ಕಟವಾಗಿದೆ ಅಂತಿಟ್ಕೊಳ್ಳಿ. ಆಗ ಸೆನೋನ್ ಕಣ್ಣಿಗೆ ಬೀಳೋ ಮಸಿ ಮುಖ ರುಫೀನೊದು ಒಂದೇ. ಆದ್ರೆ ರುಫೀನೊನೂ ನಗ್ತಿದಾನೆ. ಯಾರನ್ನ ನೋಡಿ? ನನ್ನನ್ನ ನೋಡಿ ಅಲ್ಲ, ನಂದು ಚೊಕ್ಕಟ. ಹಂಗಾದ್ರೆ ತನ್ನನ್ನೇ ನೋಡಿ ನಗ್ತಿರೋದು ಅಂತ ಸೆನೋನ್‌ಗೆ ಹೊಳೆದು, ಅವನು ಮುಖ ಒರೆಸ್ಕೋಬೇಕು. ಒರೆಸ್ಕೊಳ್ಳಲಿಲ್ಲ! ಅಂದ್ರೇನರ್ಥ? ನನ್ನ ಮುಖಕ್ಕೂ ಮಸಿ ಮೆತ್ತಿದೆ!"

ರುಫೀನೊ ಚಪ್ಪಾಳೆ ತಟ್ಟಿದ. ಸೆನೋನ್ ತಲೆ ಕೆರೆದುಕೊಂಡು, "ಅಲ್ಲ ಮಾರಾಯ, ಸೆನೋನ್‌ಗೆ ಅಷ್ಟೆಲ್ಲ ಹೊಳೆಯುತ್ತೆ ಅಂತ ನಿಂಗೆ ಯಾರು ಹೇಳಿದ್ದು?" ಎಂದ. ಆ ಪ್ರಶ್ನೆಗೆ ಯಾರೂ ಬೆಲೆ ಕೊಡಲಿಲ್ಲ. ಮೂವರೂ 'ನಾನು', 'ನೀನು', 'ಅವನು' ಎಂಬ ರೊಟ್ಟಿ ತುಂಡುಗಳನ್ನು ತಿಂದು, ಮೇಲೆ ಒಂದೊಂದು ಲೋಟ ಜೋಳದ ಹೆಂಡ ಚಿಚಾ ಕುಡಿದು, ಮರದ ಹೊಟ್ಟಿನ ಮೇಲೆ ಉರುಳಿಕೊಂಡರು. ಫಿದೆನ್ಸಿಯೊ ಮುಂಜಾಗ್ರತೆಯಾಗಿ ಮುಖದ ಮೇಲೆ ಟೋಪಿ ಮುಚ್ಚಿಕೊಂಡ.

ಅವನು ಕಣ್ಣು ಬಿಟ್ಟಾಗ ದೂರದಲ್ಲಿ ಮೇಳದ ತಮಟೆ ಸದ್ದು ಬೆಟ್ಟದ ಕಡೆ ಸರಿಯುತ್ತಿತ್ತು. ಟೋಪಿ ನೆಲದ ಮೇಲೆ ಬಿದ್ದಿತ್ತು. ಬಾಗಿಲು ಹಾರು ಹೊಡೆದಿತ್ತು. ಎದುರಿಗೆ ಸೆನೋನ್ ಮತ್ತು ರುಫೀನೊ ಹಿಟ್ಟಿನ ಮೂಟೆಯೊಳಗಿಂದ ಎದ್ದು ಬಂದವರ ಹಾಗೆ ಬೆಳ್ಳಗಾಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು! ಮೇಳದ ಹೆಂಗಸರು ಹೋಗುತ್ತ ಹೋಗುತ್ತ ಕೈತುಂಬ ಪೌಡರ್ ಎರಚಿ ಹೋಗಿದ್ದರು. ಫಿದೆನ್ಸಿಯೊನಿಗೂ ನಗು ತಡೆಯಲಾಗಲಿಲ್ಲ. ಮೂವರೂ ನಕ್ಕರು.

ಇದ್ದಕ್ಕಿದ್ದಂತೆ ಅವನು ನಗುವುದನ್ನು ನಿಲ್ಲಿಸಿದ. ಅರೆ! ಇದು ಅದೇ ಒಗಟು!

ಸೆನೋನ್ ನಗುತ್ತಿದ್ದಾನೆ. ರುಫೀನೊ ನಗುತ್ತಿದ್ದಾನೆ. ನನ್ನ ಮುಖ ಚೊಕ್ಕಟವಾಗಿದ್ದರೆ ಸೆನೋನ್ ಇಷ್ಟು ಹೊತ್ತಿಗೆ ಮುಖ ಒರೆಸಿಕೊಳ್ಳಬೇಕಿತ್ತು. ಒರೆಸಿಕೊಂಡಿಲ್ಲ! ಮುಟ್ಟಿ ನೋಡಬಹುದಿತ್ತು ನಿಜ. ಆದರೆ ಮುಟ್ಟಿ ನೋಡುವುದು ದಡ್ಡರ ಕೆಲಸ, ಯೋಚಿಸಿ ತಿಳಿಯುವುದು ಜಾಣರ ಲಕ್ಷಣ. ಕೇಳಬಹುದಿತ್ತು. ಕೇಳಿದರೆ ಮಾನ ಎಲ್ಲಿ ಉಳಿಯಿತು?

"ನನ್ನ ಮುಖಕ್ಕೂ ಪೌಡರ್ ಹತ್ತಿದೆ!" ಎಂದು ಅವನು ಜಯಘೋಷ ಮಾಡಿದ. "ಸಾಬೀತಾಯ್ತು! ಟೈಮೆಷ್ಟೋ?"

"ಐದಕ್ಕೆ ಹತ್ತು ನಿಮಿಷ," ಎಂದ ರುಫೀನೊ.

ಫಿದೆನ್ಸಿಯೊ ಗೋಡೆಯ ಮೊಳೆಗೆ ನೇತು ಹಾಕಿದ್ದ ಬಟ್ಟೆಯನ್ನು ಕಿತ್ತುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಹಣೆ, ಕೆನ್ನೆ, ಮೂಗು, ಗಲ್ಲ ತಿಕ್ಕಿದ. ತರ್ಕದಲ್ಲಿ ಕೊರತೆ ಉಳಿಯಬಾರದೆಂದು ಕಿವಿಯ ಹಿಂದೆಯೂ ತಿಕ್ಕಿದ. ಏನೋ ಘಾಟು ವಾಸನೆ ಬಂತು. ಸೆನೋನನ ಚಿಚಾ ಹಳಸಿರಬೇಕು ಎಂದುಕೊಂಡ. ಅಂಗೈ ಕೆಂಪಗಾಗಿತ್ತು. ಕೆಮ್ಮಣ್ಣಿನ ಆ ಊರಲ್ಲಿ ಅಂಗೈ ಕೆಂಪಾಗದ ದಿನ ಯಾವುದು?

"ಲೇ, ಲೇ, ನಿಲ್ಲೋ! ಆ ಬಟ್ಟೆ..." ಎಂದು ಸೆನೋನ್ ಕೂಗುವಷ್ಟರಲ್ಲಿ ಜಾಣ ರಸ್ತೆಯಲ್ಲಿದ್ದ.

ಎಲ್ಲಿ ಮತ್ತೆ ಪೌಡರ್ ಬೀಳುತ್ತದೋ ಎಂದು ಅವನು ಬತ್ತಿದ ಹೊಳೆಯ ಪಕ್ಕದ ಓಣಿ ಹಿಡಿದ. ನೀರು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಅವನನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡು ಗೋಡೆಗೆ ಅಂಟಿ ನಿಂತಳು. ಸೂತಕದವನೆಂದು ಮರ್ಯಾದೆ ಕೊಟ್ಟಳೆಂದು ಅವನು ತೀರ್ಮಾನಿಸಿದ. ಮೂರು ನಾಯಿಗಳು ಬಾಲ ಮುದುರಿ ಓಡಿದವು. ಇವತ್ತು ತನ್ನ ಮುಖದಲ್ಲಿ ವಿಶೇಷ ಗಾಂಭೀರ್ಯ ಇರಬೇಕು!

ಒಳಗೆ ಪ್ರಾರ್ಥನೆ ಆಗಲೇ ಶುರುವಾಗಿದ್ದರೂ ಮನೆಯ ಅಂಗಳದಲ್ಲಿ ನೆಲಿದಾ ಕಾಯುತ್ತಿದ್ದಳು. ಅವನನ್ನು ನೋಡಿ ಅವಳ ಕೈಯಲ್ಲಿದ್ದ ಮೇಣದ ಬತ್ತಿ ಕೆಳಗೆ ಬಿತ್ತು.

"ಅಯ್ಯೋ ದೇವ್ರೇ! ಇದೇನ್ರೀ ಅವತಾರ? ಕಾರ್ನಿವಲ್ ಸೈತಾನನ ವೇಷ ಹಾಕ್ಕೊಂಡು ಬಂದಿದೀರಲ್ರೀ!"

"ವೇಷ? ಒಂದು ಕಣ ಪೌಡರಿಲ್ಲ, ನೋಡು!"

"ಪೌಡರ್ ಇಲ್ಲ, ಕೆಂಪು ಬಣ್ಣ ಬಳ್ಕೊಂಡಿದೀರಿ! ಸೆನೋನ್ ಕಿಟಕಿಗೆ ಹೊಡೆಯೋ ಬಣ್ಣ! ಕಿವಿ ಹಿಂದೆನೂ ಬಿಟ್ಟಿಲ್ವಲ್ಲ!"

ಫಿದೆನ್ಸಿಯೊ ಈಗ ಮೊದಲ ಬಾರಿಗೆ ಮುಖ ಮುಟ್ಟಿ ನೋಡಿದ. ಬೆರಳು ಅಂಟಿಕೊಂಡಿತು. ಆದರೂ ತರ್ಕವನ್ನು ಬಿಡುವುದುಂಟೇ? ಅಂಗಳದಲ್ಲೇ ನಿಂತು ಮೂರು ಮುಖಗಳ ಒಗಟನ್ನು ಗಟ್ಟಿ ದನಿಯಲ್ಲಿ ಆದಿಯಿಂದ ವಿವರಿಸಿದ. "ಸೆನೋನ್ ಒರೆಸ್ಕೊಳ್ಳಲಿಲ್ಲ ಕಣೇ! ಹಂಗಾಗಿ ನನ್ನ ಮುಖದ ಮೇಲೆ ಪೌಡರ್ ಇರಲೇಬೇಕಿತ್ತು!"

"ಕಾರ್ನಿವಲ್‌ನಲ್ಲಿ ಹಚ್ಚಿದ ಪೌಡರ್‌ನ ಯಾರಾದ್ರೂ ಒರೆಸ್ಕೋತಾರೇನ್ರೀ? ಸೆನೋನ್ ಇನ್ನು ಎಂಟು ದಿನ ಅದ್ರಲ್ಲೇ ಓಡಾಡ್ತಾನೆ!" ನೆಲಿದಾ ಹಣೆ ಚಚ್ಚಿಕೊಂಡಳು. "ಹೋಗ್ಲಿ, ನಿಮ್ಮ ತೋಳಲ್ಲೇನಿದೆ?"

"ಕಪ್ಪು ಪಟ್ಟಿ."

"ಸೂತಕದ ಪಟ್ಟಿ ಕಟ್ಕೊಂಡೋರಿಗೆ ಈ ಊರಲ್ಲಿ ಹುಟ್ಟಿದೋರು ಯಾರ್ರೀ ಪೌಡರ್ ಹಚ್ತಾರೆ? ಮೇಳದೋರು ನಿಮ್ಮನ್ನ ಮುಟ್ಟೇ ಇಲ್ಲ! ನಿಮ್ಮ ಮುಖ ಬೆಳಗ್ಗೆಯಿಂದ ಚೊಕ್ಕಟವಾಗೇ ಇತ್ತು!"

ಫಿದೆನ್ಸಿಯೊ ಬಕೆಟ್ಟಿನ ನೀರಿಗೆ ಮುಖ ಅದ್ದಿ ಉಜ್ಜಿದ. ಸೋಪು ಹಚ್ಚಿದ. ಬಣ್ಣ ಇನ್ನಷ್ಟು ಸಮನಾಗಿ ಹರಡಿಕೊಂಡು ಹೊಳೆಯತೊಡಗಿತು. ಒಳಗಿನಿಂದ ಪ್ರಾರ್ಥನೆ ಮುಗಿದು ಕುರ್ಚಿಗಳು ಸರಿದ ಸದ್ದು ಕೇಳಿಸಿತು.

"ನಾನು ಒಳಗೆ ಬರಲ್ಲ, ನೆಲಿದಾ," ಎಂದ ಅವನು ಸಣ್ಣ ದನಿಯಲ್ಲಿ. "ನಿನ್ನ ಅಣ್ಣನೇ ತೆಗೀಲಿ. ಒಂದು ವರ್ಷ ಕಾದೆ. ನನ್ನ ಜಾಣತನಾನೇ ನನ್ನ ಕೆಡಿಸ್ತು." ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

ಬಾಗಿಲಲ್ಲಿ ದೋನ್ಯಾ ಎದುವಿಹೆಸ್ ಬಂದು ನಿಂತರು. ತಲೆಯಿಂದ ಕಾಲವರೆಗೆ ಕಪ್ಪು. ಹಿಂದೆ ನೆಂಟರ ಸಾಲು. ಅತ್ತೆ ಕೆಂಪು ಮುಖದ ಅಳಿಯನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಮಗಳ ಕಡೆಗೆ ತಿರುಗಿದರು.

"ನೆಲಿದಾ, ನಿನ್ನ ಗಂಡನಿಗೆ ಶಾಲು ತೆಗಿಯೋಕೆ ಹೇಳು."

ಅವನು ಬೆರಳ ತುದಿಯಿಂದ ಶಾಲನ್ನು ತೆಗೆದ. ಅಡಿಯಲ್ಲಿ ಹಳದಿ ಹೂವಿನ ರವಿಕೆ ಇತ್ತು. ಒಂದು ವರ್ಷದ ಸೂತಕ ಅಲ್ಲಿಗೆ ಮುಗಿಯಿತು. ನೆಂಟರ ಹೆಂಗಸೊಬ್ಬಳು, ಇನ್ನು ಹಬ್ಬ ಆಡಬಹುದೆಂದು, ಪೌಡರಿನ ತಟ್ಟೆ ಹಿಡಿದು ಮುಂದೆ ಬಂದಳು. ದೋನ್ಯಾ ಎದುವಿಹೆಸ್ ಎರಡೂ ಕೈಗಳಲ್ಲಿ ಮೊಗೆದುಕೊಂಡು ಫಿದೆನ್ಸಿಯೊನ ಹಸಿ ಬಣ್ಣದ ಕೆನ್ನೆಗಳಿಗೆ ಚಪ್ಪರಿಸಿ ಮೆತ್ತಿದರು. ಅವರ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

"ಅಳಿಯಂದ್ರೇ," ಎಂದರು, ನೇರವಾಗಿ ಅವನಿಗೇ. "ಮುಖದ ಮೇಲೆ ಪೌಡರ್ ಇದೆ ಅಂತ ತಾನೇ ಅಷ್ಟು ಹೊತ್ತು ವಾದಿಸಿದ್ದು? ತಗೊಳ್ಳಿ, ಈಗ ನಿಮ್ಮ ತರ್ಕ ಸರಿಯಾಯ್ತು!"