ಮುಯ್ಯಿಗೆ ಬಂದ ಕ್ಯಾಸೆಟ್ಟು

ದಾವಣಗೆರೆಯಲ್ಲಿ ರಾಕ್ ಸಂಗೀತದ ಬಗ್ಗೆ ಕೊನೆಯ ಮಾತು ಆಡುವ ಹಕ್ಕು ಇದ್ದದ್ದು ಒಬ್ಬರಿಗೇ. ನಮ್ಮ ಅತ್ತೆಗೆ! ನಗಬೇಡಿ. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಇಂಗ್ಲಿಷಿನಲ್ಲಿ ಅವಳಿಗೆ ಬರುತ್ತಿದ್ದುದು ಕರೆಂಟು, ಗ್ಯಾಸು ಅಷ್ಟೇ. ಇಂಥವಳಿಗೆ ರಾಕ್ ಏನು ಗೊತ್ತು ಅನ್ನುವವರು ತೊಂಬತ್ತರ ದಶಕದ ಕೊನೆಯಲ್ಲಿ ಕೆ.ಬಿ. ಬಡಾವಣೆಯ ಅವಳ ಮನೆ ಮುಂದೆ ನಿಂತು ಹಾಗನ್ನಬೇಕಿತ್ತು. ಒಂದು ಸಲ ಅಂದವರಿದ್ದಾರೆ. ಎರಡನೇ ಸಲ ಅಂದವರು ಇಲ್ಲ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಅವಳ ಮನೆಯ ಮಾಳಿಗೆ ಮೇಲೆ ತಗಡಿನ ಸೂರಿನ ಒಂದು ಕೋಣೆ ಇತ್ತು. ಹರಿಹರದ ನಾಲ್ಕು ಹುಡುಗರು ಬಂದು ಸಂಗೀತದ ಪ್ರ್ಯಾಕ್ಟೀಸ್ ಮಾಡಲು ಬಾಡಿಗೆಗೆ ಕೇಳಿದರು. ವಚನ ಹಾಡುವ ಮಕ್ಕಳಿರಬೇಕು ಅಂದುಕೊಂಡು ಅತ್ತೆ ಹಾಲು ಕೊಟ್ಟು ಒಳಗೆ ಬಿಟ್ಟುಕೊಂಡಳು. ಮಾರನೇ ದಿನ ಡ್ರಮ್ ಬಂತು! ಅದರ ಮೊದಲ ಏಟಿಗೇ ಅಡುಗೆಮನೆಯ ಗೋಡೆಗೂಡಿನಲ್ಲಿದ್ದ ಉಪ್ಪಿನಕಾಯಿ ಭರಣಿ ನೆಲಕ್ಕೆ ಬಿತ್ತು. ಅತ್ತೆ ಸೌಟು ಹಿಡಿದು ಮೆಟ್ಟಿಲು ಹತ್ತಿದಳು. ಆದರೆ ಆ ನಾಲ್ವರೂ ಕೆಳಗೆ ಓಡಿ ಬಂದು, ಕ್ಷಮಿಸ್ರಿ ಅಮ್ಮಾರೆ ಅಂತ ಅಡುಗೆಮನೆಯನ್ನೆಲ್ಲ ತೊಳೆದುಕೊಟ್ಟರು. ನೆಲ ಒರೆಸುವ ಗಂಡಸರನ್ನು ಮನೆ ಬಿಡಿಸುವಷ್ಟು ದಡ್ಡಿಯೇ ನಮ್ಮ ಅತ್ತೆ?

ಆ ಹುಡುಗರ ಮೊದಲನೇ ಕ್ಯಾಸೆಟ್ಟು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಏನು ಓಡಿತು ಅಂತೀರಿ! ಆಟೋದಲ್ಲಿ ಅದೇ, ಕಾಲೇಜು ಡೇಯಲ್ಲಿ ಅದೇ, ಗಣೇಶನ ಪೆಂಡಾಲಿನಲ್ಲೂ ಅದೇ. ಕನ್ನಡದ ಮಾತು, ಕಿವಿ ಹರಿಯುವ ಗಿಟಾರು, ಕುಣಿಯದ ಕಾಲು ಕಾಲೇ ಅಲ್ಲ ಅನ್ನುವಂಥ ತಾಳ. ಅತ್ತೆಗೆ ಮಾತ್ರ ಅದು ಹಿಡಿಸಲಿಲ್ಲ. "ನೆತ್ತಿ ಮ್ಯಾಲೆ ಅವಲಕ್ಕಿ ಕುಟ್ಟಿದಂಗೈತೆ," ಅಂದುಬಿಟ್ಟಳು.

ಆಮೇಲೆ ಎರಡನೆಯದು ಬಂತು ನೋಡಿ. ಊರು ಒಡೆಯಿತು. ಇದರಲ್ಲಿ ಕುಣಿತವಿಲ್ಲ, ಪಲ್ಲವಿಯಿಲ್ಲ. ಹಿಂದಿನ ಮಗ್ಗುಲಿನಲ್ಲಂತೂ ಇಡೀ ಉದ್ದಕ್ಕೆ ಒಂದೇ ಹಾಡು. ಅದು ಹರಿಹರದ ಫ್ಯಾಕ್ಟರಿ ಸೈರನ್ನಿನಿಂದ ಶುರುವಾಗುತ್ತದೆ, ಹೊಳೆಯ ಸಪ್ಪಳ ಬರುತ್ತದೆ, ಆಮೇಲೆ ಒಂದೇ ಗಿಟಾರು ಯಾರನ್ನೋ ಹುಡುಕುತ್ತಾ ಹೋಗುತ್ತದೆ. ಮಾತು ಬರುವುದು ಕಟ್ಟಕಡೆಗೆ. ಟೇಪು ಎಳೆಯುತ್ತಿದೆ ಅಂತ ಜನ ಕ್ಯಾಸೆಟ್ಟನ್ನು ಅಂಗಡಿಗೆ ವಾಪಸು ತಂದರು. ಅಂಗಡಿಯವನು ಪೆನ್ಸಿಲು ತೂರಿಸಿ ಸುತ್ತಿ ಸುತ್ತಿ ಕೊಟ್ಟ. ಮತ್ತೆ ಹಾಕಿದರೆ ಮತ್ತೆ ಹಾಗೇ! ಇದು ಹರಿಹರದವರ ಗದ್ದಲ, ನಮಗ್ಯಾಕೆ ಅಂತ ದಾವಣಗೆರೆಯವರು. ದಿನಾ ಪುಕ್ಕಟೆ ಕೇಳುವ ಸೈರನ್ನಿಗೆ ದುಡ್ಡು ಕೊಡಬೇಕೇ ಅಂತ ಹರಿಹರದವರು. ಮುಖಕ್ಷೌರದಂಗಡಿಯಲ್ಲಿ ಅರ್ಧ ಮೀಸೆ ಬಿಟ್ಟು ಜಗಳಕ್ಕೆ ಎದ್ದವರನ್ನು ನಮ್ಮಣ್ಣ ಕಣ್ಣಾರೆ ಕಂಡಿದ್ದಾನೆ.

ಅತ್ತೆಗೋ, ಈ ಎರಡನೆಯದೇ ಪ್ರಾಣ. ಅಕ್ಕಿ ಆರಿಸುವಾಗ, ರೊಟ್ಟಿ ಬಡಿಯುವಾಗ ಸೂರಿನಿಂದ ಇಳಿದು ಬರುತ್ತಿದ್ದ ಆ ಹಾಡನ್ನು ಅದು ಹುಟ್ಟಿದಾಗಿನಿಂದ ಕೇಳಿದವಳು ಅವಳು. ಊರು ಅದನ್ನು ಬೈಯತೊಡಗಿದ ಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು. ಒಂದು ಸಲ ಕ್ಯಾಸೆಟ್ಟು ವಾಪಸು ಕೊಡಲು ಬಂದ ಯಾರೋ ಕಾಲೇಜು ಹುಡುಗನ ಮೊಣಕೈ ಹಿಡಿದು, ಅಂಗಡಿಯಲ್ಲೇ ನಿಲ್ಲಿಸಿ, ಹಿಂದಿನ ಮಗ್ಗುಲು ಪೂರ್ತಿ ಕೇಳಿಸಿದಳು. ಅವನ ಬಸ್ಸು ಹೋಯಿತು. ಕೊನೆಗೆ ಅವನು ಕೈ ಮುಗಿದು, ಬಾಳ ಚಲೋ ಐತ್ರಿ ಅಂದ. ಹಾಗಂದರೆ ಕೈ ಬಿಡುತ್ತಾಳೆ ಅನ್ನುವುದು ಅವನಿಗೆ ಹೊಳೆದಿತ್ತು. ಅತ್ತೆಗೂ ಹೊಳೆದಿತ್ತು, ಪಾಪ. ಮನೆಗೆ ಬಂದು ಇಡೀ ಸಂಜೆ ಪಾತ್ರೆ ಕುಕ್ಕಿದಳು.

ನಾನು ಸುಮ್ಮನಿರಲಾರದೆ, ಮೊದಲನೆಯದೇ ಚೆನ್ನಾಗಿತ್ತು ಬಿಡು, ಅದಕ್ಕಾದರೆ ಕುಣಿಯಬಹುದಿತ್ತು ಅಂದೆ.

ಅತ್ತೆ ಲಟ್ಟಣಿಗೆ ಕೆಳಗಿಟ್ಟಳು. "ಲೇ ಹುಡುಗಿ, ನಿಮ್ಮಪ್ಪ ನಮ್ಮಪ್ಪನ ಮೊದಲನೇ ಕ್ಯಾಸೆಟ್ಟು. ನಾನು ಎರಡನೇದು. ಹುಟ್ಟಿದ ಲಾಗಾಯ್ತು ನಿಮ್ಮಣ್ಣನಂಗಿಲ್ಲ, ನಿಮ್ಮಣ್ಣನಂಗಿಲ್ಲ ಅಂತ ಕೇಳಿ ಕೇಳಿ ಸಾಕಾಗೇತೆ. ಅವನಂಗ ಯಾಕ ಇರಬೇಕು ನಾನು? ನಾನು ನನ್ನಂಗ ಅದೀನಿ!"

ನಾನು ಚಪಾತಿ ತಿಂದು ಎದ್ದೆ.

ನಿಜವಾದ ಪೆಟ್ಟು ಬಿದ್ದದ್ದು ಆ ನಾಲ್ವರಲ್ಲಿ ಗಿಟಾರು ಬಾರಿಸುವ ಹುಡುಗ ರಿಯಾಜ್‌ಗೆ. ಹಿಂದಿನ ಮಗ್ಗುಲಿನ ಆ ಹಾಡು ಅವನದೇ. ಉಳಿದ ಮೂವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅವನೊಬ್ಬನೇ ಒಂದು ದಿನ ಬಂದು, ಕೋಣೆ ಖಾಲಿ ಮಾಡುತ್ತೇನೆ ಅಂದ. ಹರಿಹರದಲ್ಲಿ ಅವರಪ್ಪನ ಲೇತ್ ಅಂಗಡಿಯಲ್ಲಿ ಕೂರುವವನಂತೆ. ಮದುವೆ ಆರ್ಕೆಸ್ಟ್ರಾದವನೊಬ್ಬ ಗಿಟಾರು ಕೊಳ್ಳಲು ಕೇಳಿದ್ದಾನಂತೆ. ಉಳಿದ ಕ್ಯಾಸೆಟ್ಟಿನ ಡಬ್ಬಗಳು ಗುಜರಿಗಂತೆ.

"ಗುಜರಿಗೆ ಹಾಕಿದ್ರೆ ಕೈ ಮುರೀತೀನಿ," ಅಂದಳು ಅತ್ತೆ. "ನನ್ನ ಮಗಳ ಮದುವಿ ಮುಗಿಯೋತನ ತಡಿ. ಅಷ್ಟ್ರಾಗ ಒಬ್ಬರಾದ್ರೂ ಪೂರಾ ಕೇಳಿ ಚಲೋ ಐತೆ ಅಂದ್ರೆ ಗಿಟಾರ್ ಇಟ್ಕೋತೀಯೇನು?"

"ನಿಮ್ಮನ್ನ ಬಿಟ್ಟು ಒಬ್ಬರು, ಅಮ್ಮಾರೆ," ಅಂದ ರಿಯಾಜ್. ಆಗಲಿ ಅಂತ ನಕ್ಕ. ಆ ನಗೆಯಲ್ಲಿ ನಂಬಿಕೆ ಇರಲಿಲ್ಲ.

ಅತ್ತೆ ಯುದ್ಧಕ್ಕೆ ಹೊರಟಳು! ಆಯುಧ ಯಾವುದು? ಮುಯ್ಯಿ, ಮದುವೆಯ ಉಡುಗೊರೆ. ಆ ವರ್ಷ ದಾವಣಗೆರೆ, ಆವರಗೆರೆ, ಕೊಕ್ಕನೂರು ಎಲ್ಲ ಕಡೆ ನಮ್ಮವರ ಮದುವೆಯೇ ಮದುವೆ. ಪ್ರತಿ ಮದುವೆಯಲ್ಲೂ ಅತ್ತೆ ಬಣ್ಣದ ಕಾಗದ ಸುತ್ತಿದ ಕ್ಯಾಸೆಟ್ಟನ್ನು ಕುಂಕುಮ ಹಚ್ಚಿ ವಧುವರರ ಕೈಗಿಟ್ಟಳು. ಹೊತ್ತು ತಿರುಗಿದವಳು ನಾನು. ಬೆಳ್ಳಿ ಬಟ್ಟಲು ಕೊಡುವ ಮನೆತನ ನಮ್ಮದು, ಮಾನ ಕಳೆಯಬೇಡ ಅಂತ ಮಾವ ತಲೆ ತಲೆ ಚಚ್ಚಿಕೊಂಡ. ಬೆಳ್ಳಿ ಕಪ್ಪಾಗುತ್ತದೆ, ಹಾಡು ಕಪ್ಪಾಗುವುದಿಲ್ಲ ಅಂತ ಅತ್ತೆ ಅವನ ಬಾಯಿ ಮುಚ್ಚಿಸಿದಳು.

ಈ ಆವೇಶದಲ್ಲಿ ಅವಳು ಒಂದೇ ಒಂದು ಸಂಗತಿ ಮರೆತಳು. ಮುಯ್ಯಿಗೆ ಮುಯ್ಯಿ! ಬಿಂದಿಗೆ ಕೊಟ್ಟವರಿಗೆ ಬಿಂದಿಗೆ, ರವಿಕೆ ಕಣಕ್ಕೆ ರವಿಕೆ ಕಣ. ಕೊಟ್ಟದ್ದು ತಿರುಗಿ ಬರಲೇಬೇಕು ತಾನೇ?

ಹರಿಹರದ ಕಲ್ಯಾಣ ಮಂಟಪದಲ್ಲಿ ಅತ್ತೆಯ ಮಗಳ ಮದುವೆ ಜೋರಾಗಿಯೇ ನಡೆಯಿತು. ಚಿಕ್ಕ ಚಿಕ್ಕ ಪೊಟ್ಟಣಗಳು ರಾಶಿ ಬಿದ್ದವು. ಎಲ್ಲವೂ ಬೆಳ್ಳಿ ಬಟ್ಟಲೇ ಇರಬೇಕು ಅಂತ ಮಾವ ಮೀಸೆ ತಿರುವಿದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಾವೆಲ್ಲ ಬಿಕ್ಕಿ ಬಿಕ್ಕಿ ಅತ್ತೆವು. ಅತ್ತೆ ಒಂದು ಹನಿ ಹಾಕಲಿಲ್ಲ. ಅಳುವವರನ್ನೆಲ್ಲ ಗದರಿಸಿ ಊಟಕ್ಕೆ ಕೂರಿಸಿದಳು.

ಮಾರನೇ ದಿನ ಬೆಳಿಗ್ಗೆ ಕೆ.ಬಿ. ಬಡಾವಣೆಯ ಮನೆಯಲ್ಲಿ ಪೊಟ್ಟಣ ಬಿಚ್ಚಲು ಕೂತೆವು. ಮೊದಲನೆಯದು ಕ್ಯಾಸೆಟ್ಟು. ಎರಡನೆಯದು ಕ್ಯಾಸೆಟ್ಟು. ಮೂರನೆಯದು? ನೀವೇ ಹೇಳಿ! ಅತ್ತೆ ಕೊಟ್ಟವೇ, ಪ್ಲಾಸ್ಟಿಕ್ಕು ಕೂಡ ಹರಿಯದೆ, ಅವಳ ಬಣ್ಣದ ಕಾಗದ ಸಮೇತ ತವರಿಗೆ ಬಂದಿದ್ದವು. ಮಾವ ಗೋಡೆಗೆ ಒರಗಿಕೊಂಡ. ನನಗೆ ನಗು ತಡೆಯಲಾಗಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ರಿಯಾಜ್ ಕಂಡ. ಮದುವೆಯ ಬಾಡಿಗೆ ಪಾತ್ರೆ ಹಿಂದಿರುಗಿಸಲು ಕೈಜೋಡಿಸೋಣ ಅಂತ ಬಂದಿದ್ದ.

"ಹೋಗ್ಲಿ ಬಿಡ್ರಿ ಅಮ್ಮಾರೆ," ಅಂದ. "ಇವತ್ತು ಆ ಆರ್ಕೆಸ್ಟ್ರಾದಣ್ಣ ಬರ್ತಾನೆ. ಕೊಟ್ಬಿಡ್ತೀನಿ."

ಅತ್ತೆ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಮತ್ತೆ ರಾಶಿಗೆ ಹಾಕಿದಳು.

ಅಷ್ಟರಲ್ಲಿ ಕೊಕ್ಕನೂರಿನ ಹೆಂಗಸೊಬ್ಬಳು ಬಂದಳು. ಮಾವನ ಕಡೆಯ ದೂರದ ಸಂಬಂಧ. ಅವಳ ಮಗಳ ಮದುವೆಗೂ ಅತ್ತೆ ಅದೇ ಮುಯ್ಯಿ ಮಾಡಿದ್ದಳು. ಎಮ್ಮೆ ಈದದ್ದರಿಂದ ಹಿಂದಿನ ದಿನ ಬರಲಾಗಲಿಲ್ಲವಂತೆ. ಕೈಯಲ್ಲಿ ಹೊಸ ಹಿತ್ತಾಳೆ ಚೆಂಬು. ನೆಲದ ಮೇಲಿನ ರಾಶಿ ನೋಡಿ ಅವಳ ಮುಖ ಸಣ್ಣದಾಯಿತು.

"ಅಕ್ಕಾರೆ, ತಪ್ಪು ತಿಳ್ಕೋಬ್ಯಾಡ್ರಿ. ಎಲ್ಲರೂ ಕ್ಯಾಸೆಟ್ಟು ವಾಪಸು ತಂದಾರೆ. ನಾನು ತರಾಕಾಗಲಿಲ್ಲ," ಅಂದಳು. "ಮಗಳನ್ನ ಕಳಿಸಿದ ಮ್ಯಾಲೆ ಮನ್ಯಾಗ ಸಪ್ಪಳನೇ ಇಲ್ಲದಂಗಾತು. ಹಾಲು ಕರೆಯೋ ಹೊತ್ತಿಗೆ ಅದನ್ನ ಹಚ್ಚಿಡ್ತಿದ್ದೆ. ಹಿಂದಿನ ಮಗ್ಗಲು ಹಚ್ಚಿ ಹಚ್ಚಿ, ಕೊನೇಗೆ ಟೇಪು ಸಿಕ್ಕೊಂಡು ಹರಿದುಹೋತು. ಆ ತಂತಿ ಅಷ್ಟು ದೂರ ಹುಡುಕ್ಕೊಂಡು ಹೋಗತೈತಲ್ಲ, ಆಮ್ಯಾಲೆ ಹೆಂಗೆ ಮುಗೀತೈತೆ? ಎಷ್ಟು ನೆನಸಿಕೊಂಡ್ರೂ ನೆನಪಾಗಂಗಿಲ್ಲ."

ಅವಳ ಕಾಲ ಬುಡದಲ್ಲೇ ರಾಶಿ ಕ್ಯಾಸೆಟ್ಟು. ಒಂದನ್ನು ಎತ್ತಿಕೊಡಲು ನಾನು ಕೈ ಚಾಚಿದೆ. ಅತ್ತೆ ನನ್ನ ಮುಂಗೈ ಹಿಡಿದು ಕೂರಿಸಿದಳು. ರಿಯಾಜ್ ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಗಿಟಾರು ತಂದು ನೆಲದ ಮೇಲೆ ಅವಳೆದುರು ಕೂತ. ಹರಿದುಹೋದ ಜಾಗದಿಂದ ಬಾರಿಸಿದ. ಕಡೆಯ ಮಾತುಗಳನ್ನು ಹಾಡಿದ. ಪಾಳಿ ಮುಗಿಸಿದ ಅಪ್ಪ ಸೇತುವೆ ದಾಟಿ ಮನೆಗೆ ಬರುವುದು, ಕದ ತಟ್ಟುವ ಮೊದಲೇ ಒಳಗಿನವರು ಎದ್ದು ಬಂದು ತೆಗೆಯುವುದು. ಇಷ್ಟೇ ಮಾತು. ಆ ಹಾಡನ್ನು ಅಲ್ಲಿಯವರೆಗೆ ನಾನು ಒಂದು ಸಲವೂ ಕೊನೆ ಮುಟ್ಟಿಸಿರಲಿಲ್ಲ. ಈಗ ಹೇಳುತ್ತೇನೆ ಕೇಳಿ: ಅದು ಮೊದಲನೇ ಕ್ಯಾಸೆಟ್ಟಿಗಿಂತ ಹತ್ತು ಪಾಲು ಮೇಲು. ಒಪ್ಪದವರು ಜಗಳಕ್ಕೆ ಬರಲಿ, ನಾನು ತಯಾರಿದ್ದೇನೆ.

ಮಧ್ಯದಲ್ಲೇ ಆರ್ಕೆಸ್ಟ್ರಾದವನು ಬಂದು ಹೊಸಿಲ ಬಳಿ ನಿಂತಿದ್ದ. ಹಾಡು ಮುಗಿದ ಮೇಲೆ ಕೊಕ್ಕನೂರಿನವಳು ಕಣ್ಣೊರೆಸಿಕೊಂಡು, "ಬಾಳ ಚಲೋ ಐತಪ್ಪಾ. ಮೊದಲಿಂದ ಒಂದ್ಸಲ ಬಾರಿಸ್ತೀಯಾ?" ಅಂದಳು.

ರಿಯಾಜ್ ಬಾಗಿಲ ಕಡೆ ತಿರುಗಿದ. "ಗಿಟಾರ್ ಮಾರಾಕಿಲ್ರಿ ಅಣ್ಣಾ. ಟೀ ಕುಡ್ದು ಹೋಗ್ರಿ."

ಟೀ ಮಾಡಲು ಅತ್ತೆ ಏಳಲಿಲ್ಲ. ಮಗಳಿಗೆ ಬಂದ ಮುಯ್ಯಿಯ ರಾಶಿಯ ನಡುವೆ ಕೂತು, ಸೆರಗು ಬಾಯಿಗೊತ್ತಿಕೊಂಡು, ಹಿಂದಿನ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅಳತೊಡಗಿದಳು. ಮನೆಯಲ್ಲಿ ಮಗಳ ಚಪ್ಪಲಿ ಇರಲಿಲ್ಲ, ಮಗಳ ಸಪ್ಪಳ ಇರಲಿಲ್ಲ. ಕೊಕ್ಕನೂರಿನವಳು ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈಯಿಟ್ಟಳು. ರಿಯಾಜ್ ತಲೆ ಬಗ್ಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ.