ಅಹಿಂಸಾ ಮುದ್ರಣ

ಕೊಬ್ಬರಿ ಮಂಡಿ ಪದ್ಮರಾಜಯ್ಯನವರ ಮಗ ಜಿನಚಂದ್ರ ಒಂದು ಪತ್ರಿಕೆ ಹೊರಡಿಸುವುದೆಂದು ತೀರ್ಮಾನಿಸಿದ ದಿನ ಚನ್ನರಾಯಪಟ್ಟಣದಲ್ಲಿ ಭೂಮಿ ನಡುಗಲಿಲ್ಲ. ನಡುಗಬೇಕಿತ್ತೆಂದು ಅವನ ಅಭಿಪ್ರಾಯ. ಬರೆಯುವವನು ತಾನೇ, ಚಿತ್ರ ಬಿಡಿಸುವವನು ತಾನೇ, ಅಚ್ಚು ಹಾಕುವವನೂ ತಾನೇ. ಓದುವ ಕಷ್ಟವೊಂದನ್ನು ಮಾತ್ರ ಊರಿನವರಿಗೆ ಬಿಟ್ಟಿದ್ದ. ಪತ್ರಿಕೆಯ ಹೆಸರು ‘ಚಂಡಮಾರುತ’.

ಮೈಸೂರಿನಲ್ಲಿ ಚಿತ್ರ ಕಲಿಸುವ ಶಾಲೆಯೊಂದರಲ್ಲಿ ಅವನು ಎರಡು ವರ್ಷ ಮುಗಿಸಿದ್ದ. ಇನ್ನೊಂದು ವರ್ಷ ಬಾಕಿ. ಬೇಸಿಗೆ ರಜಕ್ಕೆ ಬಂದ ಮಗನನ್ನು ಪದ್ಮರಾಜಯ್ಯನವರು ಜಗಲಿಯ ಮೇಲೆ ಕೂರಿಸಿಕೊಂಡು ವಿಚಾರಣೆ ನಡೆಸಿದ್ದರು.

“ಎರಡು ವರ್ಸ ಅಲ್ಲಿ ಏನ್ಲಾ ಕಲ್ತೆ?”

“ರೇಖೆ, ವರ್ಣ, ವಿನ್ಯಾಸ.”

“ಅದನ್ನ ತಕ್ಕಡಿಗೆ ಹಾಕ್ಬೌದಾ?”

“ಇಲ್ಲ ಅಪ್ಪಯ್ಯ.”

“ಹಂಗಾರೆ ಕಣ್ಣಿಗಾದ್ರೂ ಕಾಣಂಗೆ ಏನಾದ್ರೂ ಮಾಡಿ ತೋರ್ಸು. ಬರೋ ಭಾನುವಾರ ಹೊಳೆನರಸೀಪುರದಿಂದ ಗಂಗಾಧರಯ್ಯನೋರು ಬತ್ತಾರೆ. ನಾನು ಮಂಡಿಯೋನು, ನಂಗೆ ತಿಳೀದು. ಅವರು ದಿನಾ ಪೇಪರ್ ಓದೋರು. ಅವರು ಸೈ ಅಂದ್ರೆ ನೀನು ಮೈಸೂರಿಗೆ ಓಗು. ಇಲ್ದಿದ್ರೆ ಸೋಮವಾರದಿಂದ ಮಂಡೀಲಿ ಕೂತು ಗೋಣಿಚೀಲ ಹೊಲಿ.”

ಗಂಗಾಧರಯ್ಯನವರು ಜವಳಿ ವ್ಯಾಪಾರಿ, ಪದ್ಮರಾಜಯ್ಯನವರಿಗೆ ಹಳೆಯ ಸ್ನೇಹಿತರು. ಅವರ ಮಾತೆಂದರೆ ಈ ಮನೆಯಲ್ಲಿ ಹೈಕೋರ್ಟು.

ಗೋಣಿಚೀಲ ಎಂದ ಕೂಡಲೇ ಜಿನಚಂದ್ರನಲ್ಲಿ ಮಲಗಿದ್ದ ಮಹಾಪುರುಷ ಎದ್ದು ಕೂತ. ಮಾರನೆಯ ದಿನವೇ ಹಾಸನಕ್ಕೆ ಹೋಗಿ ಒಂದು ಪ್ರೆಸ್ಸಿನ ಬಾಗಿಲು ತಟ್ಟಿದ. ಅವರು ಹಲ್ಲು ಬಿಟ್ಟು ನಕ್ಕರು. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ ಬರ್ಮಾದ ಕಡೆ. ಕಾಗದ ಮಾಯವಾಗಿದ್ದದ್ದು ಮಾತ್ರ ಹಾಸನದಲ್ಲಿ. “ಪತ್ರಿಕೆಗೆ ಕಾಗದ ಎಲ್ಲಿ ತರೋಣ ಸಾ? ಪೊಟ್ಟಣ ಕಟ್ಟೋಕೂ ಇಲ್ಲ, ಜನ ಕಡ್ಲೆಕಾಯ್ನ ಪಂಚೇಲಿ ಕಟ್ಕಂಡು ಓಯ್ತಾವ್ರೆ” ಎಂದರು.

ಕಾಗದದ ಸಮಸ್ಯೆಯನ್ನು ಅವನು ಮನೆಯಲ್ಲೇ ಬಗೆಹರಿಸಿದ. ಹೋದ ವರ್ಷ ನಡೆದ ಅವನದೇ ಮದುವೆಯ ಕರೆಯೋಲೆಗಳು ಅಟ್ಟದ ಮೇಲೆ ಒಂದು ಕಟ್ಟು ಉಳಿದಿದ್ದವು. ಹಿಂಬದಿ ಖಾಲಿ.

ಹೆಂಡತಿ ರಾಜೀಮತಿ ನುಗ್ಗೇಹಳ್ಳಿಯವಳು. ಮಾತು ಕಡಿಮೆ, ಆಡಿದರೆ ಮುಳ್ಳು.

“ನಮ್ಮ ಮದ್ವೆ ಬೆನ್ನ ಮೇಲೆ ಚಂಡಮಾರುತ ಬರೀತೀರಾ?” ಎಂದಳು.

“ಕಲೆಗಾಗಿ ತ್ಯಾಗ ಮಾಡಬೇಕು.”

“ಮಾಡಿವ್ನಲ್ಲ ಹೋದ್ವರ್ಸಾನೇ” ಎಂದು ಒಳಗೆ ಹೋದಳು.

ಇನ್ನು ಅಚ್ಚು. ಮೈಸೂರಿನಲ್ಲಿ ಸಹಪಾಠಿಗಳು ಒಂದು ಉಪಾಯ ಮಾಡುವುದನ್ನು ಅವನು ಕಂಡಿದ್ದ. ನಾಲಿಗೆಗೆ ತಾಗಿಸಿದರೆ ನೇರಳೆ ಬಣ್ಣ ಬಿಡುವ ಆಫೀಸು ಪೆನ್ಸಿಲಿನಲ್ಲಿ ಬರೆಯುವುದು. ಆ ಹಾಳೆಯನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿದ ಒಂದು ಮೆದು ಅಂಟಿನ ಮೇಲೆ ಒತ್ತುವುದು. ಬರಹವೆಲ್ಲ ತಿರುಗುಮುರುಗಾಗಿ ಅಂಟಿಗೆ ಇಳಿಯುತ್ತದೆ. ಆಮೇಲೆ ಖಾಲಿ ಹಾಳೆ ಒತ್ತಿ ಒತ್ತಿ ಎತ್ತಿದರೆ ಒಂದೊಂದೂ ಒಂದು ಪ್ರತಿ. ಆ ಅಂಟಿನ ಪುಡಿಯನ್ನು ಹಾಸನದ ಔಷಧಿ ಅಂಗಡಿಯಿಂದಲೇ ತಂದಿದ್ದ. ತಂದವನು ತೆಪ್ಪಗಿರಬೇಕಿತ್ತು.

“ಏನ್ಲಾ ಅದು?” ಎಂದು ಕೇಳಿದರು ತಾಯಿ ಮರುದೇವಮ್ಮ.

“ಜೆಲಟಿನ್.”

“ಹಂಗಂದ್ರೆ?”

ಓದಿದವರಿಗೆ ಒಂದು ಜಾಡ್ಯವಿದೆ. ಕೇಳಿದ್ದಕ್ಕೆ ಪೂರ್ತಿ ಉತ್ತರ ಹೇಳದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. “ದನದ ಮೂಳೆ, ಚರ್ಮ ಎಲ್ಲ ಬೇಯಿಸಿ ತೆಗೆದ ಅಂಟಮ್ಮ” ಎಂದ, ಅಡುಗೆಮನೆಯ ಹೊಸಿಲ ಮೇಲೆ ನಿಂತು.

ಹೊತ್ತು ಮುಳುಗಿದ ಮೇಲೆ ತೊಟ್ಟು ನೀರನ್ನೂ ಬಾಯಿಗೆ ಬಿಡದ ಮನೆ ಅದು. ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯನ್ನು ಮತ್ತೆ ಬಾವಿಗೇ ಜಾಲಿಸಿ, ಕಣ್ಣಿಗೆ ಕಾಣದ ಹುಳುವನ್ನೂ ಅದರ ತೌರಿಗೆ ಕಳುಹಿಸುವ ಮನೆ. ಮರುದೇವಮ್ಮ ಕೂಗಾಡಲಿಲ್ಲ. ಒಲೆಯ ಮೇಲಿದ್ದದ್ದನ್ನು ಇಳಿಸಿದರು. “ಹಿತ್ಲಿಗೆ ನಡಿ” ಎಂದರು. ಪೊಟ್ಟಣ ತಿಪ್ಪೆಯಾಚೆ ಹೋಯಿತು. ಅಂಗಿ ಅದರ ಹಿಂದೆ ಹೋಯಿತು. ಮಗನ ತಲೆಯ ಮೇಲೆ ಬಾವಿಯ ನೀರು ಕೊಡಕೊಡವಾಗಿ ಬಿತ್ತು. ಅಡುಗೆಮನೆ ತೊಳೆದದ್ದೂ ಆಯಿತು.

ಚಂಡಮಾರುತದ ಸಂಪಾದಕರು ಒದ್ದೆ ಪಂಚೆಯಲ್ಲಿ ಹಿತ್ತಲ ಕಟ್ಟೆಯ ಮೇಲೆ ನಡುಗುತ್ತ ಕೂತಿದ್ದಾಗ ರಾಜೀಮತಿ ಒಂದು ತಟ್ಟೆ ಹಾಲುಬಾಯಿ ತಂದಿಟ್ಟಳು. ರಾಗಿ ಹಾಲು ಬೆಲ್ಲದ ಜೊತೆ ಕಾಯಿಸಿ ಹೆಪ್ಪು ಹಾಕಿದ್ದು. ತಟ್ಟೆ ಅಲುಗಿದರೆ ಅದೂ ಅಲುಗಿತು. ಬೆರಳಿನಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬಂತು. ಅವನು ಒಂದು ತುಂಡು ಬಾಯಿಗಿಟ್ಟವನೇ ಕಣ್ಣರಳಿಸಿ, “ಸಿಕ್ಕಿತು” ಎಂದ.

“ಏನು, ಕಲ್ಲಾ? ಸೋಸಿದ್ನಲ್ಲ.”

“ಕಲ್ಲಲ್ಲ, ಇದೇ ಅದು. ಮೂಳೆಯಿಲ್ಲದ ಅಂಟು. ಹಿಂಸೆಯಿಲ್ಲದ ಅಚ್ಚು. ಅಹಿಂಸಾ ಮುದ್ರಣ! ಲೋಕದಲ್ಲಿ ಯಾರಿಗೂ ಹೊಳೆದಿಲ್ಲ.”

“ಲೋಕದೋರಿಗೆ ತಿನ್ನೋದ್ ಹೊಳೀತು.”

ಅವಳು ಬೈದುಕೊಂಡೇ ಬೇಯಿಸಿದಳು. ತುಪ್ಪ ಸವರಕೂಡದೆಂದು ಅವನ ಆಜ್ಞೆ; ಜಿಡ್ಡಿದ್ದರೆ ಬರಹ ಇಳಿಯುವುದಿಲ್ಲವಂತೆ. ಏಲಕ್ಕಿಯೂ ಬೇಡವೆಂದ. “ನನ್ ಕೈಯಲ್ಲಿ ಏಲಕ್ಕಿ ಇಲ್ದಿರೋ ಹಾಲುಬಾಯಿ ಇಳಿಯಲ್ಲ, ಬೇಕಾರೆ ನೀವೇ ತಿರುವಿ” ಎಂದಳು. ಅವನು ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ತಾಗಿಸಿ ಮೊದಲ ಪುಟ ಬರೆದ: ಉರುಳುತ್ತಿರುವ ತೆಂಗಿನಮರಗಳು, ನಡುವೆ ಒಬ್ಬ ತರುಣ, ಮುಖದಲ್ಲಿ ಜಿನಚಂದ್ರನ ಹೋಲಿಕೆ. ತಟ್ಟೆಯ ಮೇಲೆ ಒತ್ತಿ, ಎತ್ತಿ, ಖಾಲಿ ಹಾಳೆ ಒತ್ತಿದರೆ ಬಂತು. ಮಸುಕಾಗಿತ್ತು, ಸ್ವಲ್ಪ ಅಂಟುತ್ತಿತ್ತು, ಏಲಕ್ಕಿ ಘಮ್ಮೆನ್ನುತ್ತಿತ್ತು. ಆದರೂ ಅಚ್ಚು ಅಚ್ಚೇ. ಅವನ ನಾಲಿಗೆ ಮಾತ್ರ ನಂಜೇರಿದವನ ಹಾಗೆ ನೇರಳೆಯಾಗಿತ್ತು.

ಒಂದು ಪುಟಕ್ಕೆ ಒಂದು ತಟ್ಟೆ. ಅಚ್ಚು ಮುಗಿದ ಹಾಲುಬಾಯಿಯನ್ನು ಏನು ಮಾಡುವುದು? ರಾಜೀಮತಿ ಅದನ್ನು ಹಸು ಕಪಿಲೆಗೆ ಹಾಕಿದಳು. ಕಪಿಲೆ ಮೊದಲ ಪುಟವನ್ನು ಬಹಳ ಪ್ರೀತಿಯಿಂದ ಸ್ವೀಕರಿಸಿತು. ಚಂಡಮಾರುತಕ್ಕೆ ದೊರೆತ ಮೊದಲ ಮೆಚ್ಚುಗೆ ಅದೇ.

ಬೆಳಿಗ್ಗೆ ಹಾಲು ಕರೆಯಲು ಹೋದ ಮರುದೇವಮ್ಮ ಹಸುವಿನ ಬಾಯಿ ನೋಡಿ ನಿಂತಲ್ಲೇ ನಿಂತರು. ಪಕ್ಕದ ಮನೆ ಮುದ್ದಮ್ಮ ಬೇಲಿಯಿಂದ ಇಣುಕಿದಳು.

“ಅಯ್ಯೋ, ಕಾಲುಬಾಯಿ ಜ್ವರ ಕಣ್ರವ್ವ. ನಮ್ ಅಣ್ಣನ ಎತ್ಗೂ ಇಂಗೇ ಆಗಿತ್ತು.”

“ನೇರಳೆ ಬಣ್ಣ ಬಂದಿತ್ತಾ?”

“ಬಣ್ಣ ಗಿಣ್ಣ ಯಾರ್ ನೋಡವ್ರೆ. ಎತ್ತಂತೂ ಓಯ್ತು.”

ರಾಜೀಮತಿ ಗಂಡನ ಕಡೆ ನೋಡಿ, ಅವನಿಗಷ್ಟೇ ಕೇಳುವ ಹಾಗೆ, “ಹಾಲುಬಾಯಿ ತಿಂದು ಕಾಲುಬಾಯಿ ಬಂದಿರೋದು ಇದೇ ಮೊದ್ಲು” ಎಂದಳು. ಸತ್ಯ ಹೇಳಿದರೆ ಅಹಿಂಸಾ ಮುದ್ರಣಕ್ಕೆ ಅಲ್ಲಿಗೇ ಬೀಗ. ಜಿನಚಂದ್ರ ತನ್ನ ನಾಲಿಗೆ ಕಾಣದ ಹಾಗೆ ಬಾಯಿ ಮುಚ್ಚಿಕೊಂಡು ಒಳಗೆ ನಡೆದ. ಸಂಜೆಯೊಳಗೆ ಆ ಬೀದಿಯವರೆಲ್ಲ ತಮ್ಮ ದನಗಳನ್ನು ಬೇರೆ ದಾರಿಯಲ್ಲಿ ಹೊಡೆದುಕೊಂಡು ಹೋಗತೊಡಗಿದರು.

ಹೀಗೆ ಕಪಿಲೆ ಒಂದೊಂದೇ ಪುಟ ಮೇಯುತ್ತ, ಭಾನುವಾರದ ಹೊತ್ತಿಗೆ ಉಳಿದದ್ದು ಸಂಪಾದಕೀಯ ಮಾತ್ರ. ಅದನ್ನು ಬರೆದು ಹೆಂಡತಿಗೆ ಓದಿ ಹೇಳಿದ. ತಲೆಬರಹ: ‘ಒಣಗಿದ ಕೊಬ್ಬರಿ, ಒಣಗಿದ ಎದೆ’. “ಕಲೆಯನ್ನು ತಕ್ಕಡಿಯಲ್ಲಿ ತೂಗುವ ಮಂಡಿಯ ಮಹಾರಾಜರೇ! ನಿಮ್ಮ ತಲೆಯೊಳಗೂ ಕೊಬ್ಬರಿಯೇ ಇದೆ. ನಿಮಗೆ ಧಿಕ್ಕಾರ.”

“ಇದನ್ನ ಮಾವನೋರ ಮುಂದೆ ಓದ್ತೀರಾ?” ಎಂದಳು ರಾಜೀಮತಿ.

“ಗಂಗಾಧರಯ್ಯನವರ ಕಣ್ಣೆದುರಿಗೇ ಅಚ್ಚು ಹಾಕಿ, ಬಿಸಿಬಿಸಿಯಾಗಿ ಓದುತ್ತೇನೆ. ಸತ್ಯಕ್ಕೆ ಹೆದರಿಕೆ ಏನು?”

“ಸತ್ಯಕ್ಕಿಲ್ಲ” ಎಂದಳು. “ಮೈಸೂರಿಗೆ?”

ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ತಲೆಗೆ ಹೋಗುತ್ತಿರಲಿಲ್ಲ, ಅಲ್ಲಿ ಜಾಗವಿರಲಿಲ್ಲ.

ಅಂದು ರಾಜೀಮತಿ ಎರಡು ಹಿತ್ತಾಳೆ ತಟ್ಟೆಗಳಲ್ಲಿ ಹಾಲುಬಾಯಿ ಹೆಪ್ಪು ಹಾಕಿದಳು. ತುಪ್ಪ ಸವರಿದ್ದು ನೆಂಟರಿಗೆ, ಸವರದೇ ಇದ್ದದ್ದು ಸಂಪಾದಕೀಯಕ್ಕೆ. ಜಿನಚಂದ್ರ ತನ್ನ ತಟ್ಟೆಗೆ ಬರಹ ಇಳಿಸಿ, ಹಾಳೆ ತೆಗೆದಿಟ್ಟು, “ಇದು ನನ್ನದು, ಯಾರೂ ಮುಟ್ಟಬೇಡಿ” ಎಂದು ಹೇಳಿ ಬಸ್ಸಿನ ಬಳಿಗೆ ಹೋದ.

ಯುದ್ಧಕಾಲದ ಬಸ್ಸು, ಪೆಟ್ರೋಲಿಲ್ಲ, ಬೆನ್ನಿಗೆ ಇದ್ದಿಲು ಒಲೆ. ಊದಿದರೆ ಹೋಗುತ್ತದೆ, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಾರೆ. ಮಧ್ಯಾಹ್ನ ಬರಬೇಕಿದ್ದ ಗಂಗಾಧರಯ್ಯನವರು ಮುಖವೆಲ್ಲ ಮಸಿಯಾಗಿ ಬಂದಿಳಿದಾಗ ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ಪದ್ಮರಾಜಯ್ಯನವರು ಬೀದಿಯಲ್ಲೇ ನಿಂತು ಆಕಾಶ ನೋಡುತ್ತಿದ್ದರು. ನೆಂಟರನ್ನು ಒಬ್ಬರನ್ನೇ ಉಣ್ಣಲು ಕೂರಿಸುವಂತಿಲ್ಲ. ಹೊತ್ತು ಮುಳುಗಿದರೆ ತಾವು ಉಣ್ಣುವಂತಿಲ್ಲ.

“ಕೈಕಾಲಿಗೆ ನೀರು ಆಮೇಲೆ ಹಾಕ್ಕೊಳ್ರಿ ಗಂಗಾಧರಯ್ನೋರೆ, ಮೊದ್ಲು ಕೂತ್ಕಳಿ.”

“ಮುಖನಾದ್ರೂ...”

“ಮುಖ ಎಲ್ಲೂ ಓಗಲ್ಲ, ಸೂರ್ಯ ಓಯ್ತಾವ್ನೆ.”

ಎಲೆ ಹಾಕಿದ್ದೂ ಬಡಿಸಿದ್ದೂ ಒಟ್ಟೊಟ್ಟಿಗೆ. ಹಜಾರದ ಮಬ್ಬುಗತ್ತಲಲ್ಲಿ ಮರುದೇವಮ್ಮ ಓಡಾಡಿ ಹಾಕಿದರು, ಇಬ್ಬರೂ ಮಾತಿಲ್ಲದೆ ಉಂಡರು. ಇತ್ತ ಜಿನಚಂದ್ರ ಪತ್ರಿಕೆಯ ಪುಟಗಳನ್ನು ಜೋಡಿಸಿಕೊಂಡು, ಅಂಗಿ ಬದಲಾಯಿಸಿ, ತಲೆ ಬಾಚಿ, ಅಡುಗೆಮನೆಗೆ ಬಂದು ತನ್ನ ತಟ್ಟೆಯನ್ನು ಎತ್ತಿಕೊಂಡ. ಹೋಗುವ ಮುನ್ನ ಒಂದು ಹಾಳೆ ಒತ್ತಿ ನೋಡಿದ. ಅಕ್ಷರ ಬರಲಿಲ್ಲ. ತುಪ್ಪದ ಕಲೆ ಬಂತು.

ಅವನು ಹಜಾರಕ್ಕೆ ಓಡಿದಾಗ ಪದ್ಮರಾಜಯ್ಯನವರು ಎರಡನೇ ತುಂಡು ಮುಗಿಸಿ ಬೆರಳು ನೆಕ್ಕುತ್ತಿದ್ದರು. ಗಂಗಾಧರಯ್ಯನವರು ಮೂರನೆಯದಕ್ಕೆ ಎಲೆ ಒಡ್ಡಿದ್ದರು. “ಮೇಲೆ ಕೊಬ್ಬರಿ ತುರಿ ಉದುರ್ಸಿರೋದು ಬಾಳ ಚೆನ್ನಾಗೈತೆ ಕಣ್ರಮ್ಮ” ಎಂದರು.

ಹೊತ್ತು ಮುಳುಗಿತು. ಕೈ ತೊಳೆದರು. ಮರುದೇವಮ್ಮ ದೀಪ ತಂದಿಟ್ಟರು.

“ಎಲ್ಲೋ ನಿನ್ ಪತ್ರಿಕೆ, ತೋರ್ಸು” ಎಂದು ಪದ್ಮರಾಜಯ್ಯನವರು ಬಾಯಿ ತೆರೆದರು. ದೀಪದ ಬೆಳಕಿನಲ್ಲಿ ಆ ಬಾಯಿ ಕಪಿಲೆಯ ಬಾಯಿಯಾಗಿತ್ತು.

“ಅಯ್ಯಯ್ಯೋ, ಇವರಿಗೂ ಬಂತು” ಎಂದು ಮರುದೇವಮ್ಮ ಕಂಬ ಹಿಡಿದುಕೊಂಡರು. “ಯಾರಾದ್ರೂ ಡಾಕ್ಟ್ರುನ ಕರೀರಿ.”

“ಯಾವ ಡಾಕ್ಟ್ರು?” ಎಂದು ಬೇಲಿಯಾಚೆಯಿಂದ ಮುದ್ದಮ್ಮನ ದನಿ ಬಂತು. “ದನದ ಡಾಕ್ಟ್ರಾ, ಜನದ ಡಾಕ್ಟ್ರಾ?”

ಗಂಗಾಧರಯ್ಯನವರು ಗೋಡೆಯ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ, ಒಳಗೆಳೆದು, ಮತ್ತೆ ಚಾಚಿದರು. ಜಿನಚಂದ್ರ ಎಲ್ಲವನ್ನೂ ಒಪ್ಪಿಸಿದ. ಪೆನ್ಸಿಲು, ಹಾಲುಬಾಯಿ, ಕಪಿಲೆ, ಅದಲುಬದಲಾದ ತಟ್ಟೆ. ತನ್ನ ನಾಲಿಗೆಯನ್ನೂ ಚಾಚಿ ತೋರಿಸಿ, ನಾಲ್ಕೈದು ದಿನದಿಂದ ಹೀಗೇ ಇದೆ, ಪ್ರಾಣಕ್ಕೇನೂ ಇಲ್ಲ ಎಂದ. ಪದ್ಮರಾಜಯ್ಯನವರು ಎದ್ದು ನಿಂತು ಪಂಚೆ ಬಿಗಿದರು. ನಾಲಿಗೆ ನೇರಳೆಯಾಗಿದ್ದವರು ಸಿಟ್ಟಾದರೆ ನೋಡಲು ಬಹಳ ಭಯಂಕರ.

“ತಡೀರಿ” ಎಂದರು ಗಂಗಾಧರಯ್ಯನವರು. “ತಿಂದಿದ್ದು ಆಯ್ತು, ಓದೋದು ಓದಾನ.” ಪುಟಗಳನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿ ತಲೆದೂಗಿದರು. “ಈ ಮಗ್ಗುಲ ಅಚ್ಚು ಬಾಳ ಚೆನ್ನಾಗಿ ಬಂದೈತೆ. ಅಕ್ಷರ ಮುತ್ತು ಪೋಣಿಸ್ದಂಗದೆ.”

“ಅದು ನಮ್ಮ ಮದುವೆ ಕರೆಯೋಲೆ” ಎಂದ ಜಿನಚಂದ್ರ.

“ಓ.” ತಿರುಗಿಸಿದರು. ತುಂಬ ಹೊತ್ತು ನೋಡಿದರು. “ಸಂಪಾದಕೀಯ ಎಲ್ಲಪ್ಪಾ?”

“ತಾವು ತಿಂದಿರಿ.”

“ಏನ್ಲಾ ಬರ್ದಿದ್ದೆ ಅದ್ರಲ್ಲಿ?” ಎಂದು ಪದ್ಮರಾಜಯ್ಯನವರು ಒಂದು ಹೆಜ್ಜೆ ಮುಂದೆ ಬಂದರು.

ಸತ್ಯಕ್ಕೆ ಹೆದರದವನು ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲ ಮರೆಯಿಂದ ರಾಜೀಮತಿಯ ದನಿ ಬಂತು: “ಮಂಡೀನ, ಮಾವನೋರನ್ನ, ಹೊಗಳಿ ಬರ್ದಿದ್ರು.”

ಪದ್ಮರಾಜಯ್ಯನವರು ನಿಂತರು. ಪಂಚೆ ಸಡಿಲಿಸಿದರು. “ಅದ್ಕೇ ಅಷ್ಟು ಸೀ ಇತ್ತು” ಎಂದರು.

ಗಂಗಾಧರಯ್ಯನವರು ತೀರ್ಪು ಕೊಟ್ಟರು: “ಇವನನ್ನ ಮೈಸೂರಿಗೇ ಕಳ್ಸಿ ಪದ್ಮರಾಜಯ್ನೋರೆ. ಚಿತ್ರ ಚೆನ್ನಾಗದೆ ಅಂತಲ್ಲ. ಮಂಡೀಲಿ ಕೂರ್ಸುದ್ರೆ ನಿಮ್ ಕೊಬ್ಬರೀನೆಲ್ಲ ನೇರಳೆ ಮಾಡ್ತಾನೆ.”

ಜಿನಚಂದ್ರ ಎದೆಯುಬ್ಬಿಸಿ ಒಳಗೆ ಬಂದ. ಗೆದ್ದವರಿಗೆ ಹೇಗೆ ಗೆದ್ದೆವೆಂಬುದು ಬೇಗ ಮರೆತುಹೋಗುತ್ತದೆ.

“ನೋಡಿದೆಯಾ, ಕಲೆ ಗೆದ್ದಿತು. ಆದರೆ ಅಮ್ಮ ಕತ್ತಲಲ್ಲಿ ತಟ್ಟೆ ತಪ್ಪಿಸಿದ್ದರಿಂದ ನನ್ನ ಸಂಪಾದಕೀಯ ಲೋಕಕ್ಕೆ ನಷ್ಟವಾಯಿತು. ಇರಲಿ, ಬರೆದ ಹಾಳೆ ಇದೆಯಲ್ಲ, ಕೊಡು.”

“ಒಲೆ ಹತ್ಸೋಕೆ ಕಾಗ್ದ ಬೇಕಿತ್ತು. ಯುದ್ಧಕಾಲ” ಎಂದಳು ರಾಜೀಮತಿ. “ಅತ್ತೆ ಯಾಕ್ರೀ ತಟ್ಟೆ ತಪ್ಪುಸ್ತಾರೆ? ಎತ್ತಿ ಕೊಟ್ಟೋಳು ನಾನು. ಅಕ್ಷರ ಕಾಣ್ದಿರ್ಲಿ ಅಂತ ಕೊಬ್ಬರಿ ಉದುರ್ಸಿದ್ದೂ ನಾನೇ.”

“ನೀನಾ? ಅವರ ಗತಿ ಏನಾಗಬೇಕಿತ್ತು?”

“ಕಪಿಲೆಗೆ ಏನಾಯ್ತು? ನಿಮಗೇನಾಯ್ತು? ಕಾಗ್ದದ ಮೇಲೆ ಬಂದಿದ್ರೆ ಮಾವನೋರು ಓದ್ಬುಡೋರು. ತಟ್ಟೇಲಿ ಬಂತು, ಅರಗಿಸ್ಕಂಡ್ರು.” ಅವಳು ಗೂಡಿನಿಂದ ತಟ್ಟೆ ತೆಗೆದು ಮುಂದಿಟ್ಟಳು. ಮೂಲೆಯಲ್ಲಿ ಒಂದು ತುಂಡು ಉಳಿದಿತ್ತು. “ನಿಮ್ ‘ಧಿಕ್ಕಾರ’ ಇದ್ರಲ್ಲೇ ಅದೆ. ಈಗ ಹೊತ್ತು ಮುಳುಗೈತೆ, ಬೇಡ. ಬೆಳಿಗ್ಗೆ ಮಾವನೋರು ಏಳೋಕೆ ಮುಂಚೆ ನೀವೇ ತಿಂದ್ಬುಡಿ.”

ಬೆಳಿಗ್ಗೆ ಹೊತ್ತು ಹುಟ್ಟುತ್ತಲೇ ಚಂಡಮಾರುತದ ಸಂಪಾದಕರು ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತಮ್ಮ ಧಿಕ್ಕಾರವನ್ನು ಬಾಯಿಗೆ ಹಾಕಿಕೊಂಡರು. ಏಲಕ್ಕಿ ಹದವಾಗಿ ಬಿದ್ದಿತ್ತು.