ಕತ್ತಿಲ್ಲದ ಫ್ಲ್ಯಾಂಜು

ವಸ್ತುವನ್ನು ಅಳೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದನ್ನು ಹಿಡಿಯುವ ಕೈಗೂ ಜಾಗ ಬೇಕೆಂದು ನೆನಪಿಡುವವರು ಕಡಿಮೆ. ನಾನಂತೂ ಆ ಕಡಿಮೆಯವರಲ್ಲಿ ಸೇರಿದವನಲ್ಲ. ಮದುವೆಯಾದ ಹೊಸದರಲ್ಲಿ ನಾನು ಅಳೆದು ತಂದ ಬೀರುವಿನ ಬಾಗಿಲು ಎದುರಿನ ಮಂಚಕ್ಕೆ ತಾಗಿ ಅರ್ಧವಷ್ಟೇ ತೆರೆಯುತ್ತದೆ. ಹೆಂಡತಿ ಇವತ್ತಿಗೂ ಒಳಗೆ ತೋಳು ತೂರಿಸಿ, ಕೈಗೆ ಸಿಕ್ಕ ಸೀರೆಯನ್ನೇ ಉಡುತ್ತಾಳೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಡಿಪ್ಲೊಮಾ ಮುಗಿಸಿ ತುರುವೇಕೆರೆಯ ಒಂದು ಎಣ್ಣೆ ಮಿಲ್ಲಿಗೆ ಸೇರಿದ್ದೆ. ಕೊಬ್ಬರಿ ಬೇಯಿಸಲು ಹೊಸದೊಂದು ಹಬೆಯ ಹಂಡೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. "ಹಂಡೆಗೆ ಹಬೆ ಬಂದ ದಿನ ನಿಮ್ಮ ಕೆಲ್ಸ ಖಾಯಂ ಕಣ್ರೀ" ಎಂದಿದ್ದರು ಯಜಮಾನರು. ಹಬೆಯ ಪೈಪು ಸೇರುವ ಮೂತಿಗೆ ಬೋಲ್ಟು ಹಾಕುವ ಕಬ್ಬಿಣದ ಬಳೆ, ಅಂದರೆ ಫ್ಲ್ಯಾಂಜು, ಎಂಥದ್ದಿರಬೇಕು? ಹಂಡೆಯ ಮೈಯಿಂದ ಮುಂದಕ್ಕೆ ಚಾಚುವ ಉದ್ದ ಕತ್ತಿನದೋ, ಮೈಗೆ ಅಂಟಿದಂತಿರುವ ಕತ್ತಿಲ್ಲದ್ದೋ? ನಮ್ಮ ಮೆಕ್ಯಾನಿಕ್ ಗೌಸ್ ಸಾಬರು ಕತ್ತಿರಲಿ ಎಂದರು. ಕೊಕ್ಕರೆಯ ಹಾಗೆ ಕಾಣುತ್ತದೆಂದು ನಾನು ಒಪ್ಪಲಿಲ್ಲ. ಪುಸ್ತಕ ತೆಗೆದು ಒಂದು ಗಂಟೆ ಪಾಠ ಮಾಡಿದೆ.

ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಬೋಲ್ಟು ಹಿಂದ್ಗಡೆಯಿಂದ ಹಾಕ್ಬೇಕು. ಕೈ ಹೋಯ್ತದಾ ಸಾರ್?"

"ಧಾರಾಳವಾಗಿ" ಎಂದೆ.

ಕತ್ತಿಲ್ಲದ ಫ್ಲ್ಯಾಂಜಿನ ಹಂಡೆಯೇ ಬಂತು, ನೀರು ತುಂಬಿ ಒತ್ತಡ ಪರೀಕ್ಷಿಸಿದ್ದೂ ಆಯಿತು. ಕಾವು ಆರದಿರಲು ಅದರ ಮೈಗೆ ಜೇಡಿಮಣ್ಣು ಮೆತ್ತಿ ತೆಂಗಿನ ನಾರು ಸುತ್ತುವುದು ನಮ್ಮ ಕಡೆಯ ಪದ್ಧತಿ. ಪುಸ್ತಕದ ಪ್ರಕಾರ ಎರಡು ಬೆರಳು ದಪ್ಪ ಸಾಕು. ಆದರೆ ನಾರಿಗೆ ನಮ್ಮಲ್ಲಿ ಬರವೇ? ಆಳುಗಳು ಪ್ರೀತಿಯಿಂದ ಒಂದು ಗೇಣು ಸುತ್ತಿದರು. ಪೂಜೆಯ ದಿನ ಪೈಪು ಜೋಡಿಸಲು ಹೋದರೆ, ಫ್ಲ್ಯಾಂಜಿನ ಮುಖವಷ್ಟೇ ಹೊರಗಿದೆ! ಹಿಂದಿನಿಂದ ಬೋಲ್ಟಿರಲಿ, ಬೆರಳೂ ತೂರುವಂತಿರಲಿಲ್ಲ. ನನ್ನ ಕೆಲಸ ಹೋಯಿತೆಂದೇ ತಿಳಿದೆ. ಗೌಸ್ ಸಾಬರು ಮಚ್ಚು ತಂದು, ಮೂತಿಯ ಸುತ್ತ ನಾರು ಕೊಚ್ಚಿ, ದೊಡ್ಡದೊಂದು ಗುಳಿ ತೋಡಿ ಬೋಲ್ಟು ಬಿಗಿದರು.

ಅಷ್ಟರಲ್ಲಿ ಯಜಮಾನರು ತೆಂಗಿನಕಾಯಿ ಹಿಡಿದು ಬಂದರು. "ಇದೇನ್ರೀ ಗುಳಿ?"

ಗೌಸ್ ಸಾಬರೇ ಅಂದರು: "ಸ್ಪ್ಯಾನರ್ ತಿರುಗ್ಸೋಕೆ ಜಾಗ, ಯಜಮಾನ್ರೇ. ಸಾರೇ ಬುಡ್ಸವ್ರೆ."

"ಓದಿದೋರು ಅಂದ್ರೆ ಹಿಂಗಿರ್ಬೇಕು ಕಣಪ್ಪ" ಎಂದು ಯಜಮಾನರು ಕಾಯಿ ಒಡೆದರು. ನಿಜ ಹೇಳಬೇಕಿತ್ತು. ಹೇಳಲಿಲ್ಲ, ನಾಚಿಕೆಯಾಗಿದ್ದೂ ಹೌದು, ಪ್ರಸಾದ ತಿಂದದ್ದೂ ಹೌದು.

ಕೆಲಸ ಖಾಯಮಾಯಿತು. ಆಮೇಲೆ ನಾವಿಬ್ಬರೂ ಅದೇ ಮಿಲ್ಲಿನಲ್ಲಿ ಹನ್ನೆರಡು ವರ್ಷ ದುಡಿದೆವು. ಗೌಸ್ ಸಾಬರು ಆ ಗುಳಿಯ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ದಿನಾ ಮಧ್ಯಾಹ್ನ ಟೀ ಬಂದಾಗ ಮಾತ್ರ, ಕಪ್ಪಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿಟ್ಟು ಮೆಲ್ಲಗೆ ಕೇಳುತ್ತಿದ್ದರು: "ಬೆರಳು ಹೋಯ್ತದಾ ಸಾರ್?"